ಮಾಗಡಿ ಕೆರೆಯ ಒಡಪು

ಲಕ್ಷ್ಮಪ್ಪನಿಗೆ ಆ ದಿನ ಮಧ್ಯಾಹ್ನದೊಳಗೆ ನಾಲ್ಕು ಸಾಲು ಬೇಕಾಗಿದ್ದವು. ನಾಲ್ಕೇ ಸಾಲು. ಅದಕ್ಕಾಗಿ ಅವನು ಕೋಳಿ ಕೂಗುವ ಮುಂಚೆ ಎದ್ದು ಸ್ನಾನ ಮಾಡಿ, ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟು, ಶಿರಹಟ್ಟಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಎದುರಿನ ಬೇವಿನ ಮರವನ್ನು ದಿಟ್ಟಿಸುತ್ತಿದ್ದ. ಬೇವಿನ ಮರ ತನ್ನ ಪಾಡಿಗೆ ತಾನು ನಿಂತಿತ್ತು.

ಅಂದು ಹಿರೇವಡ್ಡಟ್ಟಿಯ ಮಾವನ ಮನೆಯಲ್ಲಿ ಅವನ ಹೆಂಡತಿ ಸೀಮಾಳ ಕುಬಸ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಗಂಡನ ಪಕ್ಕ ಕೂರಿಸಿ ಆರತಿ ಎತ್ತುವ ಕಾರ್ಯ. ಆದರೆ ಆರತಿಗೆ ಮುಂಚೆ ಇಬ್ಬರೂ ಒಡಪು ಹಾಕಿ ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಬೇಕು. ನಮ್ಮ ಕಡೆ ಗಂಡನ ಹೆಸರಾಗಲಿ ಹೆಂಡತಿಯ ಹೆಸರಾಗಲಿ ಹಾಗೇ ಬರಿಗೈಯಲ್ಲಿ ಬರುವಂತಿಲ್ಲ. ಮುಂದೆ ಪ್ರಾಸದ ನಾಲ್ಕು ಸಾಲು ನಡೆದು ಬರಬೇಕು, ಅದರ ಹಿಂದೆ ಹೆಸರು ಬರಬೇಕು. ಅಲ್ಲಿಯತನಕ ಹೆಂಗಸರು ತಟ್ಟೆ ಕೆಳಗಿಳಿಸುವುದೂ ಇಲ್ಲ, ಊಟಕ್ಕೆ ಎಬ್ಬಿಸುವುದೂ ಇಲ್ಲ.

ಮದುವೆಯ ದಿನ ಲಕ್ಷ್ಮಪ್ಪ ಗೆಳೆಯರು ಕಲಿಸಿದ ಒಡಪನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಮೊದಲ ಸಾಲು ಬಾಯಿಂದ ಹೊರಬಿದ್ದದ್ದೇ ತಡ, ಸೀಮಾಳ ಸೋದರತ್ತೆ ತಿಪ್ಪವ್ವ ಮಿಕ್ಕ ಮೂರು ಸಾಲನ್ನು ತಾನೇ ಹೇಳಿ, ಆರು ವರ್ಷದ ಹಿಂದೆ ಅದೇ ಒಡಪು ಹೇಳಿದ್ದ ಇನ್ನೊಬ್ಬ ಅಳಿಯನ ಹೆಂಡತಿಯ ಹೆಸರನ್ನೂ ಸೇರಿಸಿ ಮುಗಿಸಿಬಿಟ್ಟಿದ್ದಳು. ಚಪ್ಪರದಲ್ಲಿದ್ದ ಮುನ್ನೂರು ಜನ ನಕ್ಕರು. ಅಂದಿನಿಂದ ಸೀಮಾ ತವರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು, "ಏನವಾ, ನಿನ್ನ ಗಂಡಂದು ಪ್ರೀತಿನೂ ಎರವಲದ್ದ ಏನ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಸೀಮಾ ನಗುತ್ತಿದ್ದಳು. ಒಳಗೆ ನಗುತ್ತಿರಲಿಲ್ಲ.

ಹಿಂದಿನ ದಿನ ಅವಳು ತವರಿನಿಂದ ಫೋನು ಮಾಡಿ ಹೇಳಿದ್ದಳು: "ನೋಡ್ರಿ, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ನನ್ನ ಹೆಸರಿಗೆ ನಾಕ ಸಾಲ ನೀವ ಕಟ್ಟಿಕೊಂಡ ಬರ್ರಿ. ಸೊಟ್ಟರ ಇರ್ಲಿ, ಕುಂಟರ ಇರ್ಲಿ, ನಿಮ್ಮದ ಇರ್ಲಿ. ಅವರೆಲ್ಲಾರ ಮುಂದ ನಾ ಒಂದ ಸರ್ತಿ ತಲಿ ಎತ್ತಿ ಕುಂಡ್ರಬೇಕು."

"ಆತು," ಎಂದಿದ್ದ ಲಕ್ಷ್ಮಪ್ಪ. ಅವನು ಎಲ್ಲದಕ್ಕೂ ಹಾಗೇ. ಸುಟ್ಟ ಬೋರ್‌ವೆಲ್ ಮೋಟರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ವಾಸನೆ ನೋಡಿಯೇ ಎಲ್ಲಿ ಸುಟ್ಟಿದೆ ಎಂದು ಹೇಳಬಲ್ಲವನು ಮಾತಿನ ವಿಷಯಕ್ಕೆ ಬಂದರೆ "ಆತು", "ಹೂಂ", "ನಾಳೆ ಬರ್ರಿ" ಈ ಮೂರರಲ್ಲೇ ಸಂಸಾರ ಸಾಗಿಸುತ್ತಿದ್ದ.

ಬೇವಿನ ಮರದಿಂದ ಏನೂ ಉದುರದಿದ್ದಾಗ ಅವನು ನೇರವಾಗಿ ನಜೀರಸಾಬರ ಮನೆಗೆ ಹೋದ. ನಜೀರಸಾಬರು ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬಣ್ಣ ಹೊಡೆದು ಹಿಂಬದಿಗೆ ಸಾಲು ಬರೆಯುವವರು. ‘ಹಾರ್ನ್ ಹೊಡಿ, ಹೊಟ್ಟಿ ಉರಕೋಬ್ಯಾಡ’ ಎಂಬುದು ಅವರದೇ. ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ರಸ್ತೆಯ ಮೇಲೆ ಓಡಾಡುವ ಮಾತಿನಲ್ಲಿ ಅರ್ಧಕ್ಕರ್ಧ ಅವರ ಕುಂಚದಿಂದ ಬಂದದ್ದು.

"ಕಾಕಾ, ನಾಕ ಸಾಲ ಬರಕೊಡ್ರಿ. ನಿಮ್ಮ ಹೆಸರ ಎತ್ತಂಗಿಲ್ಲ," ಎಂದ ಲಕ್ಷ್ಮಪ್ಪ.

ನಜೀರಸಾಬರು ಚಹಾದ ಬಟ್ಟಲು ಕೆಳಗಿಟ್ಟರು. "ಲೇ ಲಕ್ಷ್ಮಪ್ಪಾ, ಹುಡುಗಿ ನಿನ್ನ ಮಾತ ಕೇಳ್ಯಾಳ. ನಾ ಬರದ್ರ ಅದು ಟ್ರಾಲಿ ಆಕ್ಕೈತಿ. ನಾ ಬರಿಯಂಗಿಲ್ಲ."

"ಮತ್ತ ನನಗ ಎಲ್ಲಿಂದ ಬರಬೇಕ್ರಿ?"

"ಗಿಡದಾಗ ಐತಿ, ಗಾಳ್ಯಾಗ ಐತಿ. ನನಗೂ ಮಾತ ಬತ್ತಿದಾಗ ಮಾಗಡಿ ಕೆರಿ ದಂಡಿಗೆ ಹೋಗಿ ಕುಂಡ್ರತೀನಿ. ಈಗ ಹಕ್ಕಿ ಬಂದಾವ. ಹೋಗು. ಬಾಯಿ ಮುಚ್ಚಿ ಕಣ್ಣ ತಕ್ಕೊಂಡ ಕುಂಡ್ರು. ಅದ ಬರ್ತೈತಿ."

ಮಾಗಡಿ ಹತ್ತಿರವೇ. ಸೂರ್ಯ ಮೇಲೇಳುವ ಹೊತ್ತಿಗೆ ಲಕ್ಷ್ಮಪ್ಪ ಬೈಕನ್ನು ಕೆರೆಯ ಏರಿಯ ಇಳಿಜಾರಿನಲ್ಲಿ ನಿಲ್ಲಿಸಿ ಕೆಳಗೆ ನೋಡಿದ. ಕೆರೆಯಿತ್ತು, ನೀರಿತ್ತು, ಅದರ ಮೇಲೆ ತೆಳ್ಳಗೆ ಮಂಜಿತ್ತು. ಹಕ್ಕಿ ಒಂದೂ ಇರಲಿಲ್ಲ. ಮೂಲೆಯಲ್ಲಿ ಎರಡು ಕೊಕ್ಕರೆಗಳು ನಿಂತಿದ್ದವು. ಅವು ಶಿರಹಟ್ಟಿಯಲ್ಲೂ ಇರುತ್ತವೆ.

ಇನ್ನೊಬ್ಬನಾಗಿದ್ದರೆ ಕಾಯುತ್ತಿದ್ದ. ಲಕ್ಷ್ಮಪ್ಪ ರಿಪೇರಿಯವನು, ಏನಾದರೂ ಕಾಣದಿದ್ದರೆ ಒಳಗೆ ಕೈ ಹಾಕಿ ನೋಡುವುದೇ ಅವನ ರೂಢಿ. ಹಕ್ಕಿಗಳು ಜೊಂಡಿನ ಹಿಂದೆ ಮಲಗಿರಬಹುದು ಎಂದುಕೊಂಡು ಇಳಿದು ಹೋದ. ಹತ್ತು ಹೆಜ್ಜೆ ನೆಲ ಗಟ್ಟಿಯಿತ್ತು. ಹನ್ನೊಂದನೆಯ ಹೆಜ್ಜೆಗೆ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೋಯಿತು. ಅದನ್ನು ಎತ್ತಲು ಇನ್ನೊಂದನ್ನು ಊರಿದ, ಅದೂ ಹೋಯಿತು. ಕೈ ಊರಿದ, ಬಿಳಿ ಅಂಗಿಯ ತೋಳುಗಳೂ ಹೋದವು.

"ಯಾರಂವ ಅಲ್ಲೆ?" ಏರಿಯ ಮೇಲಿಂದ ದನಿ ಬಂತು. ಕೆರೆ ಕಾಯುವ ನಿಜಲಿಂಗಪ್ಪ. ಬಗಲಲ್ಲಿ ಹಕ್ಕಿ ಎಣಿಕೆಯ ಪುಸ್ತಕ, ಕೈಯಲ್ಲಿ ಬಿದಿರಿನ ಗಳ. "ಬಲಿ ಹಾಕಿ ಹಕ್ಕಿ ಹಿಡಿಯಾಕ ಬಂದೀಯೇನ? ಸಾಹೇಬ್ರಿಗೆ ಫೋನ್ ಮಾಡ್ತೀನಿ ನೋಡ."

"ಇಲ್ರಿ, ನಾ ಒಡಪ ಹುಡಕಾಕ ಬಂದೀನಿ," ಎಂದ ಲಕ್ಷ್ಮಪ್ಪ.

ಹದಿನಾಲ್ಕು ವರ್ಷದ ನೌಕರಿಯಲ್ಲಿ ನಿಜಲಿಂಗಪ್ಪ ಕೇಳಿದ ನೆಪಗಳಲ್ಲಿ ಇದು ಹೊಸದು. ಅವನು ಗಳ ಚಾಚಬೇಕೆನ್ನುವಷ್ಟರಲ್ಲಿ ತಲೆ ಎತ್ತಿ ಬಡಗಣ ದಿಕ್ಕಿಗೆ ನೋಡಿ, ಗಕ್ಕನೆ ಜಾಲಿಯ ಮರೆಗೆ ಕೂತ. "ಅಲ್ಲಾಡಬ್ಯಾಡ," ಎಂದು ಪಿಸುಗುಟ್ಟಿದ. "ರಾತ್ರಿ ಹೊಲಕ್ಕ ಮೇಯಾಕ ಹೋಗಿದ್ವು, ಈಗ ತಿರುಗಿ ಬರ್ತಾವ. ನೀ ಅಲ್ಲಾಡಿದ್ರ ಒಂದೂ ಇಳಿಯಂಗಿಲ್ಲ. ಹಂಗ ನಿಂದ್ರು."

ಲಕ್ಷ್ಮಪ್ಪ ಹಾಗೇ ನಿಂತ. ಬೇರೆ ಥರ ನಿಲ್ಲಲು ಅವನಿಗೆ ಸಾಧ್ಯವೂ ಇರಲಿಲ್ಲ.

ಮೊದಲು ಸದ್ದು ಬಂತು. ದೂರದ ಊರಿನಲ್ಲಿ ನೂರಾರು ಜನ ಒಟ್ಟಿಗೆ ಮಾತಾಡಿದ ಹಾಗೆ ಸಣ್ಣಗೆ ಶುರುವಾಗಿ, ನೋಡನೋಡುತ್ತ ಆಕಾಶದ ಆ ಬದಿಯೆಲ್ಲ ತುಂಬಿತು. ಆಮೇಲೆ ಬಿಳಿಚಿದ ಮುಗಿಲಿನ ಮೇಲೆ ಒಂದು ಕಪ್ಪು ಗೆರೆ ಎದ್ದಿತು. ಗೆರೆ ಎರಡಾಯಿತು, ಹತ್ತಾಯಿತು, ಒಂದರೊಳಗೊಂದು ಸೇರಿ ಮತ್ತೆ ಬಿಡಿಸಿಕೊಂಡು ಹತ್ತಿರ ಬಂತು. ಗೆರೆಗಳಿಗೆ ರೆಕ್ಕೆ ಮೂಡಿದವು, ಉದ್ದನೆಯ ಕತ್ತುಗಳು ಮೂಡಿದವು. ಲಕ್ಷ್ಮಪ್ಪ ಬಾಯಿ ತೆರೆದುಕೊಂಡು ನಿಂತಿದ್ದ. ಸಾವಿರಾರು ಹೆಬ್ಬಾತುಗಳು ಅವನ ತಲೆಯ ಮೇಲೆ ಒಂದು ಸುತ್ತು ಹೊಡೆದವು, ರೆಕ್ಕೆಯ ಗಾಳಿ ಅವನ ಕೂದಲನ್ನು ಸರಿಸಿತು, ಬೆಳಗಿನ ಬಿಸಿಲು ಕೆಳಗಿನಿಂದ ಅವುಗಳ ಹೊಟ್ಟೆಗೆ ತಾಗಿ ಇಡೀ ಹಿಂಡು ಒಮ್ಮೆ ಬೆಳ್ಳಗೆ ಹೊಳೆಯಿತು. ಆಮೇಲೆ ಒಂದೊಂದೇ ಸಾಲು ಕಾಲು ಚಾಚಿ ನೀರಿಗೆ ಇಳಿಯತೊಡಗಿತು.

ಅವು ಅವನಿಂದ ಹತ್ತು ಮಾರು ದೂರದಲ್ಲಿ ಇಳಿದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಒಂದು ಹಕ್ಕಿ ಅವನನ್ನು ಗಮನವಿಟ್ಟು ನೋಡಿತು, ಇವನಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿ ರೆಕ್ಕೆ ಕೊಡವಿತು. ಲಕ್ಷ್ಮಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಮೂವತ್ತೆರಡು ವರ್ಷ ಈ ಆಕಾಶದ ಕೆಳಗೇ ಓಡಾಡಿದ್ದೇನೆ, ಒಂದು ದಿನವೂ ಮೇಲೆ ನೋಡಲಿಲ್ಲವಲ್ಲ ಎಂದು ಅವನಿಗೆ ಅಳು ಬಂದಂತಾಯಿತು.

"ಎಲ್ಲಿಂದ ಬರ್ತಾವ್ರಿ ಇವು?" ಎಂದು ತುಟಿಯಲ್ಲೇ ಕೇಳಿದ.

"ಹಿಮಾಲಯದ ಆಚಿಂದ," ಜಾಲಿಯ ಮರೆಯಿಂದ ಉತ್ತರ ಬಂತು. "ಅಷ್ಟ ದೊಡ್ಡ ಗುಡ್ಡ ಹಾರಿ ದಾಟಿ, ದಾರ್ಯಾಗ ಎಷ್ಟ ಕೆರಿ ಬಿಟ್ಟು, ವರ್ಷಾ ಇದ ನೀರಿಗೆ ಬರ್ತಾವ. ದಾರಿ ಹೇಳಾವ್ರು ಯಾರೂ ಇಲ್ಲ. ಹದಿನಾಕ ವರ್ಷ ಆತು ನಾ ನೋಡಾಕ ಹತ್ತಿ. ಇವತ್ತಿಗೂ ಬರೂ ಮುಂದ ನನ್ನ ಎದಿ ಝಲ್ ಅಂತೈತಿ."

ಲಕ್ಷ್ಮಪ್ಪ ಯೋಚಿಸಿದ. ತಾನೂ ಮುಂಜಾನೆ ಎದ್ದು ಅಸುಂಡಿಯೋ ಮುಂಡರಗಿಯೋ, ಎಲ್ಲೆಲ್ಲೋ ಸುಟ್ಟ ಮೋಟರಿನ ಹಿಂದೆ ಹೋಗುತ್ತೇನೆ. ಸಂಜೆಗೆ ಯಾರೂ ಹೇಳದೆ ಬೈಕು ತಾನೇ ಮನೆಯ ಕಡೆ ತಿರುಗುತ್ತದೆ. ಸೀಮಾ ತವರಿಗೆ ಹೋದ ಈ ನಾಲ್ಕು ದಿನದಿಂದ ಮಾತ್ರ ಬೈಕಿಗೆ ಆ ಹುರುಪಿಲ್ಲ. ಹಾಗೆ ಅನ್ನಿಸಿದ್ದೇ ತಡ, ಎದೆಯೊಳಗೆ ಏನೋ ಕಿಡಿ ಹತ್ತಿತು. ಒಂದು ಸಾಲು ಬಂತು. ಅದರ ಬೆನ್ನಿಗೆ ಇನ್ನೊಂದು, ಅದರ ಹಿಂದೆ ಮತ್ತೆರಡು, ನೀರಿಗೆ ಇಳಿದ ಆ ಹಕ್ಕಿಗಳ ಹಾಗೆಯೇ ಸಾಲುಸಾಲಾಗಿ ಬಂದವು.

ಹಕ್ಕಿಗಳೆಲ್ಲ ಇಳಿದ ಮೇಲೆ ನಿಜಲಿಂಗಪ್ಪ ಗಳ ಚಾಚಿ ಎಳೆದು ಮೇಲೆ ಹಾಕಿದ್ದೇ ತಡ, ಲಕ್ಷ್ಮಪ್ಪ ಮರೆತುಹೋದೀತೆಂಬ ಭಯದಲ್ಲಿ ಅವನ ಪುಸ್ತಕವನ್ನೂ ಪೆನ್ನನ್ನೂ ಕಸಿದುಕೊಂಡು, ತೆರೆದಿದ್ದ ಹಾಳೆಯಲ್ಲಿ ನಾಲ್ಕೂ ಸಾಲು ಬರೆದ. ಸುತ್ತ ಐದೂ ಬೆರಳಿನ ಕೆಸರಿನ ಗುರುತು ಬಿದ್ದವು.

ನಿಜಲಿಂಗಪ್ಪ ಹಾಳೆ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. "ಏನ್ ಮಾಡಿದ್ಯೋ ಮಾರಾಯ. ಹಕ್ಕಿ ಎಣಿಕಿ ಬರಿಯೂ ಹಾಳ್ಯಾಗ ಹೆಂಡ್ತಿ ಹೆಸರ ಬರದೀಯಲ್ಲ. ನಾಳೆ ಸಾಹೇಬ್ರು ಬಂದು, ಸೀಮಾ ಅಂದ್ರ ಯಾವ ಜಾತಿ ಹಕ್ಕಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಕೆರ್ಯಾಗ ಮಂದಿ ಇಳಿಸ್ತೀಯೇನ ಅಂದ್ರ ನನ್ನ ನೌಕರಿ ಹೋಕ್ಕೈತಿ." ಹಾಳೆಯನ್ನು ಹರಿದು ತನ್ನ ಕಾವಲು ಗುಡಿಸಲಿನ ಚಹಾದ ಒಲೆಗೆ ಹಾಕಿಬಿಟ್ಟ. ಅಷ್ಟರಲ್ಲಿ ಲಕ್ಷ್ಮಪ್ಪನಿಗೆ ಸಾಲುಗಳು ಬಾಯಿಗೆ ಬಂದಿದ್ದವು. ನಿಜಲಿಂಗಪ್ಪನ ತಮ್ಮನ ಸುಟ್ಟ ಮೋಟರನ್ನು ಪುಕ್ಕಟೆ ಕಟ್ಟಿಕೊಡುವುದಾಗಿ ಹೇಳಿ, ನಿಜಲಿಂಗಪ್ಪನ ನಂಬರು ಬರೆದುಕೊಂಡು, ರಾಜಿ ಮಾಡಿಕೊಂಡ.

ಏರಿಗೆ ಬಂದು ನೋಡಿದರೆ ಬೈಕು ಇಳಿಜಾರಿನಲ್ಲಿ ಜಾರಿ ಮಕಾಡೆ ಮಲಗಿತ್ತು. ಪೆಟ್ರೋಲು ಬಹುಪಾಲು ಸೋರಿತ್ತು. ಮೂರು ತಾಲ್ಲೂಕಿನ ಮೋಟರುಗಳನ್ನು ಎಬ್ಬಿಸಿ ನಿಲ್ಲಿಸಿದವನು ತನ್ನ ಬೈಕನ್ನು ಒದ್ದು ಒದ್ದು ಸುಸ್ತಾದ. ಕಡೆಗೆ ನಜೀರಸಾಬರಿಗೇ ಫೋನು ಮಾಡಿದ.

ಅವರು ಹಳೆಯ ಸ್ಕೂಟರಿನ ಮೇಲೆ ಬಂದರು. ಲಕ್ಷ್ಮಪ್ಪನ ಅವತಾರ ನೋಡಿ ಡಿಕ್ಕಿಯಿಂದ ತಮ್ಮ ಕೆಲಸದ ಅಂಗಿ ತೆಗೆದುಕೊಟ್ಟರು. ಒಗೆದದ್ದೇ, ಆದರೆ ಎದೆಯ ಮೇಲೆ ಹಳದಿ, ನೀಲಿ, ಕೆಂಪು ಬಣ್ಣದ ಚುಕ್ಕೆಗಳಿದ್ದವು. ಹೊತ್ತಾಗಿತ್ತು, ಲಕ್ಷ್ಮಪ್ಪ ಅದನ್ನೇ ತೊಟ್ಟು ಹಿಂದೆ ಕೂತ.

ಅರ್ಧ ದಾರಿಯಲ್ಲಿ ಅವನು ಒಡಪು ಹೇಳಿದ. ನಜೀರಸಾಬರು ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಜೋಳದ ಹೊಲದ ಕಡೆ ಮುಖ ಮಾಡಿ ನಿಂತರು.

"ಮೂವತ್ತ ವರ್ಷ ಆತಲೇ ನಾ ಬರಿಯಾಕ ಹತ್ತಿ," ಎಂದರು. "ಇಂಥಾದ್ದೊಂದ ನನ್ನ ಕೈಯಾಗ ಬಂದಿಲ್ಲ. ಖರೆ ಹೇಳ್ತೀನಿ, ನನಗ ಸ್ವಲ್ಪ ಹೊಟ್ಟಿಕಿಚ್ಚ ಆತು." ಲಕ್ಷ್ಮಪ್ಪನಿಗೆ ತಾನು ನೆಲದಿಂದ ಒಂದು ಗೇಣು ಮೇಲೆ ಕೂತಂತೆ ಅನ್ನಿಸಿತು.

ಹಿರೇವಡ್ಡಟ್ಟಿಯ ಮನೆ ತುಂಬಿ ತುಳುಕುತ್ತಿತ್ತು. ಹಸಿರು ಸೀರೆಯಲ್ಲಿ ಸೀಮಾ ಮಣೆಯ ಮೇಲೆ ಕೂತಿದ್ದಳು. ಗಂಡನ ಅಂಗಿ ನೋಡಿ ಅವಳ ಹುಬ್ಬು ಮೇಲೆ ಹೋಯಿತು, ಆದರೂ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ನಜೀರಸಾಬರನ್ನು ಮಾವ ತಿರಕಪ್ಪ ಎದ್ದು ಬಂದು ಗೌರವದಿಂದ ಕುರ್ಚಿಯ ಮೇಲೆ ಕೂರಿಸಿದ. ತನ್ನ ಟ್ರಾಲಿಗೆ ಸಾಲು ಬರೆದವರನ್ನು ಅವನು ಗುರುತಿಸದೆ ಇರುತ್ತಾನೆಯೇ.

ಸೀಮಾ ತನ್ನ ಒಡಪು ಹೇಳಿ ಮುಗಿಸಿದಳು. ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದು ನಿಂತಳು. "ಹಾಂ, ಅಳಿಯಾರ, ಈಗ ನೀವು. ನನಗ ಗೊತ್ತಿದ್ದದ್ದ ಆದ್ರ ನಾನ ಮುಗಸ್ತೀನಿ ಮತ್ತ."

ಲಕ್ಷ್ಮಪ್ಪ ಕಣ್ಣು ಮುಚ್ಚಿದ. ಕೆರೆ ಕಂಡಿತು. ಹೇಳಿದ:

"ಹಿಮದ ಗುಡ್ಡ ಹಾರಿ ಬಂದ ಹಕ್ಕಿಗೆ ದಾರಿ ಹೇಳಿದವರಿಲ್ಲ,
ಮಾಗಡಿ ಕೆರಿಯ ನೀರ ಬಿಟ್ಟು ಬ್ಯಾರೆ ಕಡೆ ಇಳಿಯೂದಿಲ್ಲ;
ಮುಗಿಲಿನ ತುಂಬ ಹಾರೂ ಹಕ್ಕಿಗೆ ಎಲ್ಲೂ ಇಲ್ಲ ಸೀಮಾ,
ನಾ ಹಾರಿ ಬಂದು ಇಳಿಯೂ ನೀರು, ನನ್ನ ಮನಿಯಾಕಿ ಸೀಮಾ."

ಮನೆಯಲ್ಲಿ ಒಂದು ಬಳೆಯೂ ಸದ್ದು ಮಾಡಲಿಲ್ಲ. ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. ಸೀಮಾ ಗಂಡನ ಮುಖವನ್ನೇ ನೋಡುತ್ತಿದ್ದಳು, ಅವಳ ಕಣ್ಣು ತುಂಬಿದ್ದವು. ಅಂಥ ಗಟ್ಟಿಗಿತ್ತಿ ತಿಪ್ಪವ್ವ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡು, ನಿಧಾನವಾಗಿ ತಿರುಗಿ, ಕುರ್ಚಿಯ ಮೇಲಿದ್ದ ನಜೀರಸಾಬರಿಗೆ ಕೈ ಮುಗಿದಳು.

"ಏನ್ ಬರದೀರಿ ಸಾಹೇಬ್ರ. ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕು."

ನಜೀರಸಾಬರು ಗಾಬರಿಯಾಗಿ ಎದ್ದು ನಿಂತರು. "ಇಲ್ಲವ್ವಾ, ನಂದಲ್ಲ. ದೇವರ ಆಣಿ. ಅವಂದ ಅದು. ನಾ ಒಂದ ಅಕ್ಷರನೂ ಮುಟ್ಟಿಲ್ಲ."

"ನೋಡ್ರಿ ದೊಡ್ಡವರ ಗುಣ," ಎಂದಳು ತಿಪ್ಪವ್ವ ಎಲ್ಲರ ಕಡೆ ತಿರುಗಿ. "ಬರದೂ ನಂದಲ್ಲ ಅಂತಾರ. ಅಳಿಯಾರ ಮಾನ ಉಳಿಸಾಕ ಹತ್ಯಾರ."

"ಅತ್ತೀ, ಖರೇನ ನಾನ ಕಟ್ಟೀನಿ," ಎಂದ ಲಕ್ಷ್ಮಪ್ಪ. "ಮುಂಜಾನೆ ಮಾಗಡಿ ಕೆರಿಗೆ ಹೋಗಿದ್ದೆ. ಹಕ್ಕಿ ನೋಡಿದೆ."

"ಹೌದಾ? ಹಂಗಾರ ಹೇಳ್ರಿ, ಹಕ್ಕಿ ಹೆಂಗಿದ್ವು?"

ಲಕ್ಷ್ಮಪ್ಪನ ಕಣ್ಣ ಮುಂದೆ ಮತ್ತೆ ಇಡೀ ಆಕಾಶ ಇಳಿದು ಬಂತು. ರೆಕ್ಕೆಯ ಗಾಳಿ ಬಂತು, ಹೊಳಪು ಬಂತು. ಬಾಯಿ ತೆರೆದ. "ಭಾಳ ಇದ್ವು," ಎಂದ.

"ಹೆಂಗ ಹಾರತಿದ್ವು?"

"ಮ್ಯಾಲೆ."

ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ಯಾರೋ ಹಿಂದಿನಿಂದ, "ಅಂಗಿನೂ ಅವರದ, ಮಾತೂ ಅವರದ," ಎಂದರು. ಬಣ್ಣದ ಚುಕ್ಕೆಗಳನ್ನು ಆಗ ಎಲ್ಲರೂ ನೋಡಿದರು.

ಲಕ್ಷ್ಮಪ್ಪನಿಗೆ ಒಂದೇ ದಾರಿ ಉಳಿದಿತ್ತು. ಕೆರೆಗೆ ಇಳಿದದ್ದನ್ನೂ ಹಕ್ಕಿ ಎಣಿಕೆಯ ಪುಸ್ತಕದಲ್ಲಿ ಬರೆದದ್ದನ್ನೂ ತಡವರಿಸುತ್ತ ಹೇಳಿ, ಮೊಬೈಲು ತೆಗೆದು ನಿಜಲಿಂಗಪ್ಪನಿಗೆ ಫೋನು ಹಚ್ಚಿದ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದ. ಆ ಕಡೆಯಿಂದ "ಹಲೋ" ಬರುತ್ತಲೇ ತಿಪ್ಪವ್ವ ಮೊಬೈಲು ಕಸಿದುಕೊಂಡು, ಪಂಚಾಯಿತಿ ಮೀಟಿಂಗಿನಲ್ಲಿ ಮಾತಾಡುವ ತನ್ನ ದಪ್ಪ ದನಿಯಲ್ಲಿ ಕೇಳಿದಳು: "ಏನ್ರಿ, ಮುಂಜಾನೆ ಯಾರೋ ಒಬ್ಬಾತ ನಿಮ್ಮ ಕೆರ್ಯಾಗ ಇಳಿದು, ನಿಮ್ಮ ಹಕ್ಕಿ ಪುಸ್ತಕದಾಗ ಏನೋ ಬರದಾನಂತಲ್ಲ, ಖರೆ ಏನು?"

ಇಷ್ಟು ಗತ್ತಿನಿಂದ ಕೇಳುವವರು ಅರಣ್ಯ ಆಫೀಸಿನ ಮೇಡಮ್ಮರಲ್ಲದೆ ಇನ್ನಾರು ಎಂದುಕೊಂಡ ನಿಜಲಿಂಗಪ್ಪ. "ಇಲ್ರಿ ಮೇಡಂ, ಶುದ್ಧ ಸುಳ್ಳ್ರಿ," ಎಂದ ಅವನು, ಎದ್ದು ನಿಂತದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. "ಇವತ್ತ ಈ ಕೆರಿಗೆ ಒಂದ ನರಪಿಳ್ಳಿನೂ ಬಂದಿಲ್ಲ. ಬರೇ ಹಕ್ಕಿ ಬಂದಾವ್ರಿ. ಪುಸ್ತಕ ಬೇಕಾದ್ರ ತಂದ ತೋರಸ್ತೀನಿ, ಬರೇ ಎಣಿಕಿ ಐತಿ."

ತಿಪ್ಪವ್ವ ಮೊಬೈಲನ್ನು ಅಳಿಯನ ಕೈಗೆ ವಾಪಸ್ಸಿಟ್ಟಳು. ಬೈಯಲಿಲ್ಲ, ಹಂಗಿಸಲೂ ಇಲ್ಲ. ಅದೇ ಲಕ್ಷ್ಮಪ್ಪನಿಗೆ ಹೆಚ್ಚು ಚುಚ್ಚಿತು. ಅವಳು ನಜೀರಸಾಬರ ಕಡೆ ಹೋಗಿ, ತನ್ನ ಮಗನ ಮದುವೆ ಗೊತ್ತಾಗಿದೆಯೆಂದೂ, ಸೊಸೆಯ ಹೆಸರಿಗೂ ಇಂಥದ್ದೇ ಒಂದನ್ನು ಬರೆದುಕೊಡಬೇಕೆಂದೂ ಸಣ್ಣ ದನಿಯಲ್ಲಿ ಕೇಳತೊಡಗಿದಳು. ನಜೀರಸಾಬರು ಲಕ್ಷ್ಮಪ್ಪನ ಕಡೆ ನೋಡುತ್ತ ಎರಡೂ ಕೈ ಅಲ್ಲಾಡಿಸುತ್ತಿದ್ದರು, ಕೈ ಅಲ್ಲಾಡಿಸಿದಷ್ಟೂ ಅವರ ವಿನಯಕ್ಕೆ ಜನ ಮೆಚ್ಚಿ ತಲೆದೂಗುತ್ತಿದ್ದರು.

ಆರತಿ ಆಯಿತು. ಹಾಡು ಶುರುವಾಯಿತು. ಆ ಗದ್ದಲದಲ್ಲಿ ಸೀಮಾ ಮೆಲ್ಲಗೆ ಗಂಡನ ಕಡೆ ಬಾಗಿದಳು. ಜಗತ್ತೆಲ್ಲ ನಂಬದಿದ್ದರೂ ಇವಳೊಬ್ಬಳು ನಂಬಿದರೆ ಸಾಕಿತ್ತು ಅವನಿಗೆ.

"ಭಾಳ ಛಲೋ ಇತ್ರಿ," ಎಂದಳು ಅವಳು, ಅವನ ಅಂಗಿಯ ಮೇಲಿನ ನೀಲಿ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ. "ಇಷ್ಟ ಛಲೋದ್ದು ನಾ ಹುಟ್ಟಿದಾಗಿಂದ ಕೇಳಿಲ್ಲ. ಕುಂಟ ಇದ್ರೂ ನಿಮ್ಮದ ಒಂದ ಹೇಳಿದ್ರ ಸಾಕಿತ್ತು ನೋಡ್ರಿ ನನಗ."